ಮರಳುಗಾಡಿನಲ್ಲಿ ಗೌರಮ್ಮ ನೀರು ಬಿಟ್ಟದ್ದು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಈಗಲೂ ಹರಿಹರದ ನಮ್ಮ ಮನೆಗೆ ಬಂದು, ಟೂರ್ ಮ್ಯಾನೇಜರ್ ಆಗುವುದಕ್ಕೆ ಏನೇನು ಗೊತ್ತಿರಬೇಕು ಎಂದು ಕೇಳುತ್ತಾರೆ. ಹಿಂದಿ ಬರಬೇಕು, ರೈಲಿನ ಟಿಕೆಟ್ಟಿನ ಮರ್ಮ ತಿಳಿದಿರಬೇಕು, ಬೈಸಿಕೊಂಡರೂ ನಗುವ ಮುಖ ಇರಬೇಕು ಎಂದು ನಾನು ಹೇಳುತ್ತೇನೆಂದು ಅವರು ಕಾದು ಕೂತಿರುತ್ತಾರೆ. ನಾನು ಹೇಳುವುದು ಬೇರೆ. ನಿಮ್ಮ ಜೊತೆ ಬಂದವರು ಬೆಳಿಗ್ಗೆ ಎದ್ದು ಏನು ಮಾಡಿದ ಮೇಲೆ ಬಾಯಿಗೆ ನೀರು ಹಾಕುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕೋಟೆ ಕಟ್ಟಿಸಿದವರು ಯಾರೆಂದು ಹೇಳಲು ಅಲ್ಲಿ ಗೈಡ್ ಇರುತ್ತಾನೆ. ಇದನ್ನು ನಿಮಗೆ ಯಾರೂ ಹೇಳಿಕೊಡುವುದಿಲ್ಲ.

ದಾವಣಗೆರೆಯ ಒಂದು ಪ್ರವಾಸ ಕಂಪನಿಯಲ್ಲಿ ನನ್ನ ದುಡಿಯುವ ವಯಸ್ಸೆಲ್ಲ ಕಳೆಯಿತು. ಕಾಶಿ, ಕೇದಾರ, ಶ್ರೀಶೈಲ ಎಲ್ಲ ತಿರುಗಿಸಿದ್ದೇನೆ. ಬರೆಯಲು ಕೂತರೆ ಮಾತ್ರ ಎದುರಿಗೆ ಬಂದು ನಿಲ್ಲುವುದು ಜೈಸಲ್ಮೇರ್. ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ, ನಮ್ಮ ಹರಿಹರದ ಬಳಿ ಹೊಳೆದಂಡೆಯಲ್ಲಿರುವ ಸಾರಥಿ ಹಳ್ಳಿಯ ಗೌರಮ್ಮ ಎಂಬ ಹಿರಿಯ ಹೆಂಗಸು ಆ ಮರಳುಗಾಡಿನ ಊರಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟುಬಿಟ್ಟರು. ಅವರನ್ನು ಜೀವಂತ ಊರಿಗೆ ಕರೆದುಕೊಂಡು ಬರುವುದು ನನ್ನ ಕೆಲಸ. ಇಷ್ಟು ವರ್ಷದ ಅನುಭವವೆಲ್ಲ ಆ ಹೊತ್ತಿನಲ್ಲಿ ಯಾವ ಮೂಲೆಗೂ ಸಾಲಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ. ಮೊದಲು ಆ ಊರು ಎಂಥದ್ದು ಅಂತ ಹೇಳಿಬಿಡುತ್ತೇನೆ.

ಮರಳುಗಾಡು ಅಂದರೆ ಬಿಸಿಲು ಎಂದು ನಂಬಿದವರಲ್ಲಿ ನಮ್ಮ ಮಾಲೀಕರೂ ಒಬ್ಬರು. ಅವರನ್ನು ನಾವೆಲ್ಲ ಸಾವ್ಕಾರರು ಎನ್ನುತ್ತಿದ್ದೆವು. ಮಂಡಿಪೇಟೆಯ ಒಂದು ಅಂಗಡಿಯ ಮಹಡಿಯಲ್ಲಿ ಅವರ ಕಚೇರಿ. ರಾಜಸ್ಥಾನದ ಪ್ರವಾಸ ಮೊದಲ ಸಲ ಶುರುಮಾಡಿದಾಗ, ತೆಳು ಹತ್ತಿ ಬಟ್ಟೆ ಮಾತ್ರ ತನ್ನಿ ಎಂದು ಕರಪತ್ರದಲ್ಲಿ ಅಚ್ಚುಹಾಕಿಸಿದ್ದರು. "ಸ್ವೆಟರ್ ತರಾಕ ಹೇಳಾನ್ರಿ, ಚಳಿಗಾಲ ಐತೆ" ಎಂದು ನಾನು ಅಂದದ್ದಕ್ಕೆ, "ಲೇ ಪರಮೇಶಿ, ಉಸುಕಿನಾಗೆ ಎಲ್ಲಿ ಚಳಿ? ನೀ ಏನ್ ಹಿಮಾಲಯಕ್ಕ ಹೊಂಟೀಯೇನು?" ಎಂದು ನಕ್ಕರು. ಬೆಳಗಿನ ಜಾವ ರೈಲು ಇಳಿದ ನಮ್ಮ ಜನ ಹಲ್ಲು ಕಟಕಟ ಕಡಿಯುತ್ತ, ಹೊದಿಕೆ, ಪಂಚೆ, ಕೊನೆಗೆ ಅಡುಗೆಯವನ ಗೋಣಿಚೀಲವನ್ನೂ ಸುತ್ತಿಕೊಂಡು ಪ್ಲಾಟ್‌ಫಾರ್ಮಿನ ಮೇಲೆ ಕೂತರು. ಮಧ್ಯಾಹ್ನ ಅದೇ ಜನ ಬೆವರು ಒರೆಸಿಕೊಳ್ಳುತ್ತ ನನ್ನನ್ನು ಬೈದರು. ಹಗಲಿನ ಬಿಸಿಯನ್ನು ರಾತ್ರಿಗೆ ಹಿಡಿದಿಡಲು ಆ ಊರಿನ ಆಕಾಶದಲ್ಲಿ ಮೋಡವಿಲ್ಲ. ಉಸುಕು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬೇಸಿಗೆಯಲ್ಲಿ ಬೀಸುವ ಗಾಳಿಗೆ ಅವರು ಲೂ ಎನ್ನುತ್ತಾರೆ, ಅದು ಶುರುವಾದರೆ ಊರಿನವರೇ ಮಧ್ಯಾಹ್ನ ಹೊರಗೆ ಕಾಲಿಡುವುದಿಲ್ಲ. ಮಳೆಯಂತೂ ನೆಂಟರ ಹಾಗೆ, ಬಂದರೆ ಬಂತು, ಬರದಿದ್ದರೆ ಕೇಳುವ ಹಾಗಿಲ್ಲ. ಸಾವ್ಕಾರರ ಕರಪತ್ರದಲ್ಲಿ ಮರುವರ್ಷ ಸ್ವೆಟರ್ ಸೇರಿತು. ಅದು ಅವರದೇ ಸಲಹೆ ಎಂಬಂತೆ ದಪ್ಪ ಅಕ್ಷರದಲ್ಲಿ ಸೇರಿತು.

ಗೌರಮ್ಮನವರು ಬಂದದ್ದು ಇದಾಗಿ ಎಷ್ಟೋ ವರ್ಷದ ಮೇಲೆ. ಅವರು ಸಾರಥಿಯ ಹಳೆಯ ಒಕ್ಕಲುಮನೆಯವರು. ಜೊತೆಗೆ ಸೊಸೆ ಸುಮಾ ಬಂದಿದ್ದಳು. ಅತ್ತೆಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಡಬ್ಬಿ ಅವಳ ಕೈಯಲ್ಲಿತ್ತು. ನಮ್ಮ ಅಡುಗೆಯ ಕೊಟ್ರೇಶಿ ಎಂದಿನಂತೆ ಗ್ಯಾಸು, ಕಡಾಯಿ, ಜರಡಿ, ಖಡಕ್ ರೊಟ್ಟಿಯ ಗಂಟು ಎಲ್ಲ ಹೊತ್ತು ತಂದಿದ್ದ. ನಮ್ಮವರಿಗೆ ಯಾವ ದೇಶ ತೋರಿಸಿದರೂ ಸಂಜೆಗೆ ಶೇಂಗಾ ಚಟ್ನಿ ಸಿಗಬೇಕು. ಸಿಗದಿದ್ದರೆ ತಾಜಮಹಲೂ ಸಪ್ಪೆ.

ಜೈಸಲ್ಮೇರಿನ ಹೋಟೆಲ್ಲಿನಲ್ಲಿ ಮೊದಲ ಬೆಳಿಗ್ಗೆಯೇ ಜಗಳ. ಒಬ್ಬರಿಗೆ ಒಂದು ಬಕೆಟ್ ಬಿಸಿನೀರು ಎಂದು ಹೋಟೆಲ್ಲಿನವರು ಮೊದಲೇ ಹೇಳಿದ್ದರು. ಗೌರಮ್ಮ ಬಾಗಿಲಲ್ಲಿ ನಿಂತು ಬಕೆಟ್ಟನ್ನೂ ನನ್ನನ್ನೂ ನೋಡಿದರು.

"ಏನ್ ತಮ್ಮಾ, ಇದು ಕೈ ತೊಳ್ಕಳಾಕೋ, ಜಳಕಕ್ಕೋ?"

"ಇಲ್ಲಿ ನೀರು ಕಮ್ಮಿ ಗೌರಮ್ಮಾರೆ. ಸುಧಾರಿಸ್ಕಳ್ರಿ."

"ಇಷ್ಟು ನೀರಾಗೆ ನಮ್ಮೂರಾಗೆ ಎಮ್ಮಿ ಮುಖಾನೂ ತೊಳಿಯಂಗಿಲ್ಲ. ಪೂಜಿಗೆ ಕೂಡಬೇಕು ನಾನು. ಅರ್ಧ ಜಳಕ ಮಾಡಿ ಕೂಡ್ಲೇನು?"

ಹೊಳೆದಂಡೆಯಲ್ಲಿ ಬಾಳಿದವರಿಗೆ ಬಕೆಟ್ಟಿನ ಲೆಕ್ಕ ಹೇಳುವುದು ಹೇಗೆ? ನನ್ನ ಪಾಲಿನ ಬಕೆಟ್ಟನ್ನು ಅವರ ಬಾಗಿಲಿಗೆ ಇಡಿಸಿ, ನಾನು ಮುಖ ತೊಳೆದು ವಿಭೂತಿ ಹಚ್ಚಿಕೊಂಡೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂಬ ಗಾದೆಯಿದೆ. ನಮ್ಮ ಕೆಲಸದಲ್ಲಿ ಪ್ರತಿ ಜಗಳವೂ ನೀರಿಗೇ ಬಂದು ನಿಲ್ಲುತ್ತದೆ.

ಗೌರಮ್ಮನ ಪೂಜೆ ಎಂಥದ್ದೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಅವರ ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಕಪ್ಪು ಇಷ್ಟಲಿಂಗ. ಸ್ನಾನ ಮಾಡಿ, ಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಂಡು, ವಿಭೂತಿ ಹಚ್ಚಿ, ನೀರು ಎರೆದು, ಅದನ್ನೇ ನೋಡುತ್ತ ಕೂರುತ್ತಾರೆ. ಆ ಎರೆದ ನೀರನ್ನು ತಾವು ತೆಗೆದುಕೊಂಡ ಮೇಲೆಯೇ ದಿನದ ಮೊದಲ ಗುಟುಕು ಒಳಗೆ ಹೋಗುವುದು. ಚಿಕ್ಕ ಹುಡುಗಿಯಾಗಿದ್ದಾಗ ಗುರುಗಳು ಕೈಗೆ ಕೊಟ್ಟದ್ದು ಅದು. ಹೆರಿಗೆಯಲ್ಲೂ ಗಂಡ ಸತ್ತ ದಿನವೂ ಅದು ಮೈಮೇಲಿಂದ ಇಳಿದಿರಲಿಲ್ಲ. ಇಂಥವರು ಈಗ ಕಡಿಮೆ. ನಮ್ಮ ಗುಂಪಿನಲ್ಲೇ ಲಿಂಗ ಕಟ್ಟಿಕೊಂಡವರು ಬೆರಳೆಣಿಕೆಯಷ್ಟು. ಅವರಲ್ಲೂ ಕೆಲವರದ್ದು ಪೆಟ್ಟಿಗೆಯಲ್ಲಿತ್ತು.

ಸ್ನಾನ, ಪೂಜೆ, ಉಪ್ಪಿಟ್ಟು ಮುಗಿಸಿ ಕೋಟೆಗೆ ಹೊರಟೆವು. ಅಲ್ಲಿನ ನಮ್ಮ ಗೈಡ್ ಮೂಲಚಂದ್ ಕೋಟೆಯೊಳಗೇ ಹುಟ್ಟಿ ಬೆಳೆದವನು. ಹಳದಿ ಕಲ್ಲಿನ ಆ ಕೋಟೆ ಬೆಳಗಿನ ಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕಟ್ಟಿಸಿದ ರಾಜನ ಹೆಸರನ್ನೇ ಊರಿಗೂ ಇಟ್ಟಿದ್ದಾರೆ. ಹೆಚ್ಚಿನ ಗೋಡೆಗಳಿಗೆ ಗಾರೆ ಹಾಕಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ನಿಲ್ಲಿಸಿದ್ದಾರೆ. ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಸೋಜಿಗ ಎಂದರೆ, ಒಳಗೆ ಇಂದಿಗೂ ಜನ ಇರುವುದು. ಚಿತ್ರದುರ್ಗದ ಕೋಟೆ ನೋಡಿದವರು ನಾವು. ಕೋಟೆ ಎಂದರೆ ಬರಿದಾಗಿರಬೇಕು, ಕೋತಿ ಇರಬೇಕು. ಇಲ್ಲಿ ಓಣಿಯ ತಿರುವಿನಲ್ಲಿ ಒಗ್ಗರಣೆಯ ವಾಸನೆ, ಬಾಗಿಲಲ್ಲಿ ಚಪ್ಪಲಿ, ಗೋಡೆಗೆ ಒರಗಿಸಿದ ಸ್ಕೂಟರ್. ದಾವಣಗೆರೆ ಮಂಡಿಯ ವ್ಯಾಪಾರಿ ಚನ್ನಬಸಪ್ಪನವರು ಒಂದು ಮನೆಯ ಕಟ್ಟೆ ಮುಟ್ಟಿ ನೋಡಿ, "ಇಲ್ಲಿ ಸೈಟಿನ ರೇಟ್ ಹೆಂಗೈತೆ ಕೇಳು ಪರಮೇಶಪ್ಪ" ಎಂದರು. ಎಲ್ಲಿ ಹೋದರೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಅದು. ಕಾಶಿಯ ಮಣಿಕರ್ಣಿಕಾ ಘಾಟಿನಲ್ಲೂ ಕೇಳಿದ್ದರಂತೆ.

ಕೋಟೆಗೆ ಈಗ ನೀರಿನಿಂದಲೇ ಕಂಟಕ ಎಂದು ಮೂಲಚಂದ್ ಹೇಳಿದ. ಹಿಂದೆ ಕೊಡದಲ್ಲಿ ಹೊತ್ತು ತಂದು ಬಳಸುತ್ತಿದ್ದ ಕಾಲದಲ್ಲಿ ಕೋಟೆ ನಿಂತ ಗುಡ್ಡ ಒಣಗಿತ್ತು, ಗಟ್ಟಿಯಾಗಿತ್ತು. ನಲ್ಲಿ ಬಂದ ಮೇಲೆ ಬಳಸಿದ ನೀರು ಬುಡಕ್ಕೆ ಇಂಗಿ, ಕೆಲವು ಗೋಡೆಗಳು ಕುಸಿಯುತ್ತಿವೆ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಗೌರಮ್ಮ ನಂಬಲಿಲ್ಲ.

"ನೀರಿಲ್ದ ಊರು ನೀರಿಗೇ ಬೀಳ್ತೈತಾ? ನಿಮ್ಮ ಗೈಡ್ ಕಥಿ ಕಟ್ತಾನ ತಮ್ಮಾ."

ಅಲ್ಲಿಂದ ಹವೇಲಿಗಳಿಗೆ ಬಂದೆವು. ಕಲ್ಲನ್ನು ಮರದ ಹಾಗೆ ಕೊರೆದ ಮನೆಗಳು. ಒಬ್ಬ ವ್ಯಾಪಾರಿ ತನ್ನ ಐವರು ಮಕ್ಕಳಿಗೆ ಸಾಲಾಗಿ ಕಟ್ಟಿಸಿದ್ದಂತೆ. ಒಂಟೆಗಳ ಸಾಲು ರೇಷ್ಮೆ, ಅಫೀಮು, ಒಣಹಣ್ಣು ಹೊತ್ತು ಸಿಂಧಿನ ಕಡೆಯಿಂದ ಬರುತ್ತಿದ್ದ ಕಾಲಕ್ಕೆ ಈ ಊರಿಗೆ ಸುಂಕವೇ ಬೆಳೆ. ಮುಂಬಯಿಗೆ ಹಡಗು ಬಂದವು, ಒಂಟೆಯ ದಾರಿ ಸೊರಗಿತು. ದೇಶ ಎರಡಾದ ಮೇಲೆ ಉಳಿದ ದಾರಿಗೂ ಬೇಲಿ ಬಿತ್ತು. ಚನ್ನಬಸಪ್ಪ ಇದನ್ನು ಕೇಳಿಸಿಕೊಂಡು ಹವೇಲಿಯ ಕಡೆ ಮತ್ತೊಮ್ಮೆ ಕತ್ತೆತ್ತಿ ನೋಡಿದರು. ಅವರ ತಂದೆ ದಾವಣಗೆರೆಯ ಹತ್ತಿ ಗಿರಣಿಗೆ ಅರಳೆ ಹಾಕುತ್ತಿದ್ದವರು.

"ಹಂಗಾರೆ ಇದೂ ನಮ್ಮೂರೇ ಬಿಡು. ಮಿಲ್ ಸೈರನ್ ನಿಂತ್ಮೇಲೆ ನಾವು ಬೆಣ್ಣೆದೋಸಿ ತೋರ್ಸಿದ್ವಿ, ಇವ್ರು ಒಂಟಿ ತೋರ್ಸಾಕ ಹತ್ಯಾರ."

ಇಂಥ ಮಾತನ್ನು ಯಾವ ಗೈಡೂ ಹೇಳುವುದಿಲ್ಲ. ನಮ್ಮವರು ಒಂದು ಊರನ್ನು ಹೀಗೆ ತಮ್ಮ ಊರಿನ ಪಕ್ಕಕ್ಕೆ ಎಳೆದು ಕೂರಿಸಿಕೊಂಡಾಗ ನನಗೆ ಈ ಕೆಲಸದ ಮೇಲೆ ಪ್ರೀತಿ ಉಕ್ಕುತ್ತಿತ್ತು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿ ಉಕ್ಕುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಮುಂಚೆ ಗಡೀಸರ್ ಕೆರೆಗೆ ಹೋದೆವು. ನಲ್ಲಿ ಬರುವ ತನಕ ಇಡೀ ಊರು ಬದುಕಿದ್ದು ಈ ಒಂದು ಮಳೆನೀರಿನ ಕೆರೆಯ ಮೇಲೆ. ಕೆರೆಗೆ ನೀರು ಹರಿದು ಬರುವ ಬಯಲನ್ನು ಯಾರೂ ಹೊಲಸು ಮಾಡುವಂತಿರಲಿಲ್ಲವಂತೆ. ಕೆರೆಯ ದಾರಿಯಲ್ಲಿ ಚೆಂದದ ಒಂದು ಹೆಬ್ಬಾಗಿಲಿದೆ. ಅದನ್ನು ಕಟ್ಟಿಸಿದವಳು ಒಬ್ಬ ನರ್ತಕಿ. ಅವಳು ಕಟ್ಟಿಸಿದ ಬಾಗಿಲ ಕೆಳಗೆ ರಾಜನ ಮನೆಯವರು ಹಾಯುವುದು ಹೇಗೆ, ಕೆಡವಿಸಿ ಎಂದು ಗುಲ್ಲೆದ್ದಾಗ, ಅವಳು ಸದ್ದಿಲ್ಲದೆ ಬಾಗಿಲ ಮೇಲೊಂದು ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳು ಎಂದು ಕಥೆ. ಗುಡಿ ಕೆಡಹುವವರು ಯಾರು? ನಮ್ಮ ಹೆಂಗಸರು ಇದನ್ನು ಕೇಳಿ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಗೌರಮ್ಮ ಮೆಟ್ಟಿಲಿಳಿದು ಕೆರೆಯ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಇಷ್ಟರವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಇಳಿಹೊತ್ತಿಗೆ ಬಸ್ಸಿನಲ್ಲಿ ಊರಾಚೆಯ ಸಮ್ ಎಂಬಲ್ಲಿನ ಮರಳುದಿಬ್ಬಗಳಿಗೆ ಹೊರಟೆವು. ಒಂಟೆ ಹತ್ತುವ ಮುಂಚೆ ಬೆಲೆಬಾಳುವುದನ್ನೆಲ್ಲ ಕೊಟ್ರೇಶಿಯ ಚೀಲಕ್ಕೆ ಕೊಡಬೇಕು ಎನ್ನುವುದು ನನ್ನ ಕಟ್ಟಳೆ. ಸರ, ಬಳೆ, ಮೊಬೈಲು ಎಲ್ಲ ಚೀಲ ಸೇರಿದವು. ಗೌರಮ್ಮ ಬೋರಮಾಳ ಸರವನ್ನೂ ಬಿಚ್ಚಿ ಕೊಟ್ಟರು. ಕರಡಿಗೆಯ ಮಾತು ಯಾರಿಗೂ ಹೊಳೆಯಲಿಲ್ಲ. ಮೈಯಿಂದ ಬೇರೆಯಾಗಬಾರದ್ದನ್ನು ಯಾರು ಬಿಚ್ಚಿಸುತ್ತಾರೆ? ಕೈ ಕಾಲು ಬಿಚ್ಚಿಡಿ ಎಂದು ಹೇಳಿದ ಹಾಗಾಗುತ್ತಿತ್ತು.

ಒಂಟೆಯ ಯಜಮಾನ ಸಾದಿಕ್ ಖಾನ್, ಅಲ್ಲಿಯೇ ಹತ್ತಿರದ ಹಳ್ಳಿಯವನು. ಒಂಟೆ ಏಳುವಾಗ ಮೊದಲು ಹಿಂಗಾಲೆತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಕ್ಕೆ ಒರಗಿ ಎಂದು ಸಾದಿಕ್ ಹೇಳಿದ, ನಾನೂ ಕೂಗಿದೆ. ಗೌರಮ್ಮ ಹೆದರಿ ಮುಂದಕ್ಕೆ ಬಾಗಿ ಒಂಟೆಯ ಬೆನ್ನಿನ ಹಿಡಿಯನ್ನು ತಬ್ಬಿಕೊಂಡರು. ಎದ್ದ ಮೇಲೆ ಮಾತ್ರ ಗತ್ತಿನಿಂದ ಕೂತು ದಿಬ್ಬ ಸುತ್ತಿದರು. ಇಳಿಯುವಾಗಲೂ ಅದೇ ಮುಗ್ಗರಿಕೆ. ಇಳಿದು, ನಗುತ್ತ, ಸೆರಗು ಸರಿಮಾಡಿಕೊಳ್ಳಲು ಎದೆಯ ಮೇಲೆ ಕೈಯಿಟ್ಟರು. ಅಲ್ಲಿಗೆ ನಗು ನಿಂತಿತು.

ಶಿವದಾರ ಹರಿದಿತ್ತು. ಕರಡಿಗೆ ಇರಲಿಲ್ಲ.

ಎಲ್ಲರೂ ಬಗ್ಗಿ ಹುಡುಕತೊಡಗಿದರು. ಸಾದಿಕ್ ಒಂಟೆ ಕೂತಿದ್ದ ಕಡೆ ಉಸುಕು ಕೆದಕಿ, ಬೆಳ್ಳಿಯ ಕರಡಿಗೆ ಎತ್ತಿ ಹಿಡಿದ. ಜನ ಹೋ ಎಂದರು. ಅವನು ಓಡಿ ಬಂದು ಗೌರಮ್ಮನ ಕೈಗಿತ್ತ. ಮುಚ್ಚಳ ಕಳಚಿತ್ತು, ಒಳಗೆ ಬರೀ ಉಸುಕು ತುಂಬಿತ್ತು. ಬೆಳ್ಳಿ ಸಿಕ್ಕಿದ ಮೇಲೂ ಈ ಮುದುಕಿಯ ಮುಖ ಹೀಗೇಕೆ ಎಂದು ಸಾದಿಕ್‌ಗೆ ತಿಳಿಯಲಿಲ್ಲ. ಒಳಗೊಂದು ಕಪ್ಪು ಗುಂಡು ಇತ್ತು, ಅದೇ ಅವರ ದೇವರು ಎಂದು ನಾನು ಹೇಳಿದೆ. ಅವನು ಕರಡಿಗೆಯನ್ನೂ ಕಣ್ಣು ಮುಟ್ಟುವವರೆಗೆ ಹಬ್ಬಿದ ಮರಳನ್ನೂ ನೋಡಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿಟ್ಟು, ಮೊಣಕಾಲೂರಿ ಮತ್ತೆ ಉಸುಕು ಕೆದಕತೊಡಗಿದ.

ಜರಡಿಯ ಯೋಚನೆ ಹೊಳೆದದ್ದು ಕೊಟ್ರೇಶಿಗೆ. ಅಡುಗೆಗೆ ಬರುವ ಮುಂಚೆ ಅವನು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿದ್ದವನು. ಅಲ್ಲಿ ಕಾದ ಉಸುಕಿನಲ್ಲಿ ಅಕ್ಕಿ ಹುರಿದು, ಜಾಳಿಸಿ, ಮಂಡಕ್ಕಿ ಬೇರೆ ಉಸುಕು ಬೇರೆ ಮಾಡುತ್ತಾರೆ. "ಹುಡುಕಿದ್ರ ಸಿಗಂಗಿಲ್ರಿ, ಜಾಳಿಸ್ಬೇಕು" ಎಂದು ಬಸ್ಸಿನಿಂದ ಹಿಟ್ಟಿನ ಜರಡಿ, ರವೆಯ ಜರಡಿ, ತೂತಿನ ಜಾರ ಎಲ್ಲ ತಂದ. ಥಾರ್ ಮರುಭೂಮಿಯನ್ನು ದಾವಣಗೆರೆಯವರು ಸೋಸಲು ಕೂತರು. ಎತ್ತು ಏರಿಗೆ, ಕೋಣ ನೀರಿಗೆ ಎಂದು ನಾನು ಬೈದುಕೊಳ್ಳುತ್ತಿದ್ದ ಅದೇ ಗುಂಪು ಒಂದೇ ಸಾಲಾಗಿ ಕೂತಿತ್ತು. ಚನ್ನಬಸಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಉಸುಕಿನಲ್ಲಿ ಕೂತು ಜರಡಿ ಆಡಿಸಿದರು. ಬೇರೆ ಊರಿನ ಪ್ರವಾಸಿಗರು ನಿಂತು ಫೋಟೋ ತೆಗೆದುಕೊಂಡರು.

ಹಿಂದೆಲ್ಲ ಪ್ರವಾಸದ ಸುದ್ದಿ ಮನೆ ಮುಟ್ಟುವ ಹೊತ್ತಿಗೆ ನಾವೇ ಮನೆ ಮುಟ್ಟಿರುತ್ತಿದ್ದೆವು. ಈಗ ವಾಟ್ಸಾಪ್. ಇಲ್ಲಿ ಜರಡಿ ಆಡಿಸುತ್ತಿರುವಾಗಲೇ ಯಾರೋ ಚೀಲದಿಂದ ಮೊಬೈಲು ತೆಗೆದು ವಿಡಿಯೋ ಹಾಕಿದರು, ಫೋನುಗಳು ಶುರುವಾದವು. ನಮ್ಮ ಕಡೆಯ ಬಾತಿ ಎಂಬ ಊರಿನಿಂದ ಒಬ್ಬರು ಲೋಹ ಹುಡುಕುವ ಮಷೀನು ತರಿಸಿ ಎಂದರು. ಲಿಂಗ ಲೋಹವಲ್ಲ ಎಂದರೆ ಮತ್ತೇನು ಎಂದು ಕೇಳಿದರು. ಗುತ್ತೂರಿನ ಯಾರೋ ಹರಕೆ ಹೊತ್ತರು. ಹೊಸ ಕಾಲದ ಮ್ಯಾನೇಜರುಗಳಿಗೆ ಒಂದು ಮಾತು: ಇಂಥ ಹೊತ್ತಿನಲ್ಲಿ ಫೋನನ್ನು ಅಡುಗೆಯವನ ಕೈಗೆ ಕೊಟ್ಟುಬಿಡಿ.

ಬೆಳಕು ಕರಗುವ ತನಕ ಸೋಸಿದೆವು. ಸಿಗಲಿಲ್ಲ. ಗಾಳಿ ಎದ್ದು, ನಾವು ಸೋಸಿದ ಜಾಗ ಯಾವುದು ಸೋಸದ್ದು ಯಾವುದು ಎಂಬ ಗುರುತೂ ಅಳಿಸಿತು. ಸುಮಾ ಬಾಟಲಿಯ ಮುಚ್ಚಳ ತೆಗೆದು ಅತ್ತೆಯ ಮುಂದೆ ಹಿಡಿದಳು.

"ಬ್ಯಾಡವ್ವ" ಎಂದರು ಗೌರಮ್ಮ.

"ಮಾತ್ರೆ ನುಂಗ್ಬೇಕಲ್ಲತ್ತಿ. ಒಂದ್ ಗುಟುಕು."

"ಅದಕ್ಕ ನೀರು ಕೊಡ್ದ ನಾನು ಕುಡಿದಿದ್ದಿಲ್ಲ ಸುಮಾ. ಈಗ ಹೆಂಗ ಕುಡೀಲಿ?"

ಹಟದ ದನಿ ಅದಲ್ಲ. ಮಗುವನ್ನು ಉಪವಾಸ ಮಲಗಿಸಿ ತಾನು ಉಣ್ಣಲಾರೆ ಎನ್ನುವ ತಾಯಿಯ ದನಿ. ಲಿಂಗ ಕಳೆದುಕೊಂಡವರು ಜೀವ ಬಿಟ್ಟರು ಎಂಬ ಕಥೆಗಳನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿ ಬೆಳೆದವನು ನಾನು. ಹೋಟೆಲ್ಲಿಗೆ ಬಂದ ಮೇಲೆ ಅವರ ಮಠದ ಸ್ವಾಮಿಗಳಿಗೆ ಫೋನ್ ಹಚ್ಚಿಕೊಟ್ಟೆ. ಸ್ವಾಮಿಗಳು ಒಳ್ಳೆಯವರು. ಊರಿಗೆ ಬಂದ ಮೇಲೆ ಬೇರೆ ಲಿಂಗ ಕೊಡುತ್ತೇವೆ, ಅಲ್ಲಿಯವರೆಗೆ ಧಾರಾಳವಾಗಿ ನೀರು ಕುಡಿ ತಾಯಿ, ದೋಷವಿಲ್ಲ ಎಂದರು. ಗೌರಮ್ಮ ಕೈಮುಗಿದುಕೊಂಡೇ ಕೇಳಿಸಿಕೊಂಡರು.

"ಬುದ್ಧಿಯೋರು ಹೇಳಿದ್ದು ಖರೇ ಐತೆ ತಮ್ಮಾ. ಆದ್ರ ಗಂಟಲಾಗೆ ಇಳಿಯಂಗಿಲ್ಲ" ಎಂದು ಫೋನು ವಾಪಸು ಕೊಟ್ಟರು.

ಬೆಳಿಗ್ಗೆ ಅವರ ತುಟಿ ಒಡೆದಿತ್ತು. ಎದ್ದು ಕೂತರೆ ತಲೆ ಸುತ್ತುತ್ತಿತ್ತು. ಡಾಕ್ಟರು ಬಂದು ನೋಡಿ, ಇನ್ನು ಮಧ್ಯಾಹ್ನದವರೆಗೆ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಲೇಬೇಕು, ಈ ವಯಸ್ಸು, ಈ ಕಾಯಿಲೆಗೆ ಏನೂ ಆಗಬಹುದು ಎಂದರು. ಸುಮಾ ಮೊಗಸಾಲೆಯಲ್ಲಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು. ಅಷ್ಟರಲ್ಲಿ ಸಾವ್ಕಾರರ ಫೋನು.

"ಲೇ ಪರಮೇಶಿ, ಅಲ್ಲೇ ಎಲ್ಲಾರ ಅಂಥದ್ದೇ ಕರೀ ಗುಂಡು ಹುಡುಕು. ಉಸುಕಿನಾಗೆ ಸಿಕ್ತು ಅಂತ ಕೈಯಾಗಿಡು. ಜೀವ ಉಳೀತೈತೆ."

"ಸುಳ್ಳು ಹೇಳಂದ್ರೇನ್ರಿ?"

"ಸುಳ್ಳು ದೊಡ್ಡದೋ ಜೀವ ದೊಡ್ಡದೋ? ನೀನೇ ನೋಡು."

ಸಾವ್ಕಾರರನ್ನು ನಾನು ಎಷ್ಟೋ ಸಲ ಆಡಿಕೊಂಡಿದ್ದೇನೆ. ಆ ಮಾತಿನಲ್ಲಿ ಮಾತ್ರ ಕೆಟ್ಟತನ ಇರಲಿಲ್ಲ, ಹೆದರಿಕೆ ಇತ್ತು. ಮೂಲಚಂದ್‌ನನ್ನು ಕರೆದುಕೊಂಡು ಕೋಟೆಯ ಕೆಳಗಿನ ಪೇಟೆಗೆ ಹೋದೆ. ಕಲ್ಲಿನ ಸಾಮಾನು ಮಾರುವ ಅಂಗಡಿಯಲ್ಲಿ ಸಣ್ಣ ಕಪ್ಪು ಗುಂಡುಗಳ ಬುಟ್ಟಿಯೇ ಇತ್ತು. ಒಂದನ್ನು ಎಡಗೈಯಲ್ಲಿಟ್ಟು ನೋಡಿದೆ. ನುಣುಪು ಸರಿಯಿತ್ತು, ಗಾತ್ರ ಸರಿಯಿತ್ತು. ಇಷ್ಟು ವರ್ಷ ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ನೋಡಿದವರು ಅದರ ತೂಕ ಮರೆಯುತ್ತಾರೆಯೇ? ಮರೆತು ನಂಬಿಬಿಟ್ಟರೆ ಇನ್ನೂ ಕಷ್ಟ. ಸಾಯುವ ತನಕ ಅವರು ಅಂಗಡಿಯ ಗುಂಡಿಗೆ ಕೈಮುಗಿಯುತ್ತಾರೆ, ನಾನು ಸಾಯುವ ತನಕ ಅದನ್ನು ನೆನೆಯುತ್ತೇನೆ. ಗುಂಡನ್ನು ಬುಟ್ಟಿಗೆ ಹಾಕಿದೆ. ಬೇರೆ ಏನು ಮಾಡಬೇಕೆಂದು ತಿಳಿಯದೆ ಅಂಗಡಿಯ ಮುಂದೆಯೇ ನಿಂತೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ನಿರುಪಾಯನಾಗಿ ನಾನು ನಿಂತದ್ದಿಲ್ಲ.

ಮೂಲಚಂದ್‌ನ ಫೋನು ಬಡಿದುಕೊಂಡದ್ದು ಆಗ. ಆ ಕಡೆ ಸಾದಿಕ್. ಬೆಳಿಗ್ಗೆ ಅವನ ತಾಯಿ ಗೌರಮ್ಮ ಕೂತಿದ್ದ ಒಂಟೆಯ ಬೆನ್ನಿಗೆ ಹಾಸುವ ಕೌದಿ ಝಾಡಿಸಿದಾಗ ಮಡಿಕೆಯಿಂದ ಏನೋ ಉರುಳಿ ಬಿತ್ತಂತೆ. ಕಪ್ಪಗೆ, ಗುಂಡಗೆ ಇದೆಯಂತೆ.

ತಂದುಕೊಡು ಎನ್ನಬಹುದಿತ್ತು. ಗೌರಮ್ಮನಿಗೆ ವಿಷಯ ಹೇಳುತ್ತಲೇ ಅವರು ಗೋಡೆ ಹಿಡಿದು ಎದ್ದರು. "ಅದು ಎಲ್ಲೈತೋ ಅಲ್ಲಿಗೆ ನಾ ಹೋಗ್ಬೇಕು, ಅದು ನನ್ನ ಹುಡುಕ್ಕಂಡು ಬರದು ಬ್ಯಾಡ" ಎಂದರು. ನಾನು, ಸುಮಾ, ಮೂಲಚಂದ್ ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊರಟೆವು. ಸಿಕ್ಕಿದ್ದು ಅದೇ ಹೌದೋ ಅಲ್ಲವೋ ಎಂದು ದಾರಿಯುದ್ದಕ್ಕೂ ನಾನು ಮೂಲಚಂದ್‌ನನ್ನು ಕೇಳುತ್ತಲೇ ಇದ್ದೆ.

ಸಾದಿಕ್‌ನ ಮನೆ ದುಂಡನೆಯ ಮಣ್ಣಿನ ಗೋಡೆಯದು, ಸಾರಿಸಿ ಸುಣ್ಣದ ಚಿತ್ತಾರ ಬರೆದದ್ದು. ಒಳಗೆ ಎದೆಯೆತ್ತರದ ಒಂದು ಕಟ್ಟೆ, ಅದರ ಮೇಲೆ ನೀರಿನ ಕೊಡಗಳು. ಆ ಸೀಮೆಯಲ್ಲಿ ಮನೆಯಲ್ಲಿ ಅತಿ ಶುಚಿಯಾದ ಜಾಗ ಅದೇ. ಚಪ್ಪಲಿ ಮೆಟ್ಟಿದವರು ಅದರ ಹತ್ತಿರ ಸುಳಿಯುವಂತಿಲ್ಲ. ಒಂದು ಕೊಡದ ಮುಚ್ಚಳದ ಮೇಲೆ ತೊಳೆದ ಬಿಳಿಯ ಬಟ್ಟೆ, ಬಟ್ಟೆಯ ನಡುವೆ ಲಿಂಗ.

ಅದು ಯಾರ ನಂಬಿಕೆಯೋ ತನಗೆ ಗೊತ್ತಾಗಲಿಲ್ಲ, ಬೂದಿಯ ವಾಸನೆ ಬಂತು, ನೆಲದ ಮೇಲೆ ಇಡಲು ಮನಸ್ಸು ಬರಲಿಲ್ಲ ಎಂದು ಸಾದಿಕ್‌ನ ತಾಯಿ ಹೇಳಿದರು. ಗೌರಮ್ಮನ ವಯಸ್ಸಿನವರೇ, ಹೆಚ್ಚೆಂದರೆ ಸ್ವಲ್ಪ ಚಿಕ್ಕವರು. "ಮನೆಯಲ್ಲಿ ಇದಕ್ಕಿಂತ ದೊಡ್ಡ ಜಾಗ ನಮಗಿಲ್ಲ" ಎಂದರು. ನಾನು ಕನ್ನಡದಲ್ಲಿ ಹೇಳಿದೆ.

ಗೌರಮ್ಮ ಎಡಗೈ ಚಾಚಿದರು. ಲಿಂಗ ಅಂಗೈಗೆ ಬಂದೊಡನೆ ಬೆರಳು ಮುಚ್ಚಿ, ಕಣ್ಣು ಮುಚ್ಚಿ, "ಬಂದೆಲ್ಲಪ್ಪಾ" ಎಂದರು. ಆಮೇಲೆ ನೀರು ಬೇಕೆಂದು ಕೈಸನ್ನೆ ಮಾಡಿದರು.

ಆ ತಾಯಿ ಕೊಡಕ್ಕೆ ಕೈಹಾಕಲಿಲ್ಲ, ಮಗನ ಮುಖ ನೋಡಿದರು. ಸಾದಿಕ್ ನನ್ನ ಮುಖ ನೋಡಿದ. ನಮ್ಮ ಮನೆಯ ನೀರು ಇವರಿಗೆ ನಡೆಯುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಗೌರಮ್ಮ ರೈಲಿನಲ್ಲಿ ಪರರ ಕೈಯ ಚಹಾ ಕೂಡ ಮುಟ್ಟದೆ ಬಂದವರು. ನಾನು ಬಾಯಿ ತೆರೆಯುವ ಮುಂಚೆ ಸುಮಾ ಕಾರಿನ ಕಡೆ ತಿರುಗಿ, "ಬಾಟ್ಲಿ ತರ್ತೀನಿ ತಡೀರಿ ಅತ್ತಿ" ಎಂದಳು.

"ಬಾಟ್ಲಿ ಬ್ಯಾಡ" ಎಂದರು ಗೌರಮ್ಮ. "ಇದನ್ನ ತಲಿಮ್ಯಾಗಿಟ್ಕಂಡ ಮನಿ ನೀರು ಬ್ಯಾಡ ಅಂದ್ರ, ಇದನ್ನೂ ಬ್ಯಾಡ ಅಂದಂಗಾತು. ಕೊಡು ಅನ್ನು ತಮ್ಮಾ."

ನಾನು ಹಿಂದಿಯಲ್ಲಿ ಹೇಳಲು ಹೋದೆ. ಹೇಳುವ ಅಗತ್ಯ ಬೀಳಲಿಲ್ಲ. ಆ ತಾಯಿ ಒಂದು ಚೊಂಬಿಗೆ ನೀರು ಬಗ್ಗಿಸಿಕೊಟ್ಟಿದ್ದರು. ಗೌರಮ್ಮ ಅಲ್ಲೇ ಸಾರಿಸಿದ ನೆಲದ ಮೇಲೆ ಕೂತು, ಲಿಂಗದ ಮೇಲೆ ಸಣ್ಣಗೆ ಎರೆದು, ಅಂಗೈಯಲ್ಲಿ ನಿಂತ ನೀರನ್ನು ತುಟಿಗೆ ಹಚ್ಚಿಕೊಂಡರು. ಚೊಂಬಿನ ನೀರು ಪೂಜೆಗೇ ಸರಿಹೋಯಿತು. ತಾಯಿ ಮತ್ತೆ ಕೊಡ ಎತ್ತಿದರು. ಈ ಸಲ ಅದು ತೀರ ಬಾಗಬೇಕಾಯಿತು, ಒಳಗೆ ತಳದ ನೀರು ಸದ್ದು ಮಾಡಿತು. ನೀರು ತರಲು ಅವರು ಎಷ್ಟು ದೂರ ಹೋಗುತ್ತಾರೋ ನಾನು ಕೇಳಿರಲಿಲ್ಲ. ಮನೆಯ ಸುತ್ತ ಕಣ್ಣಿಗೆ ಕಾಣುವಷ್ಟು ದೂರ ನಲ್ಲಿಯಾಗಲಿ ಬಾವಿಯಾಗಲಿ ಇರಲಿಲ್ಲ.

ಗೌರಮ್ಮ ಚೊಂಬಿನ ಬಾಯಿಗೆ ಕೈ ಅಡ್ಡ ಹಿಡಿದರು. ನಿನ್ನೆ ಸಂಜೆಯಿಂದ ಒಣಗಿದ ಗಂಟಲು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಸಾಕವ್ವ. ನಿನ್ನ ಕೊಡ ಹಗುರಾಗೈತೆ."

ಆ ತಾಯಿಗೆ ಕನ್ನಡ ಬರುವುದಿಲ್ಲ. ನಾನೂ ಹೇಳಲಿಲ್ಲ. ಅವರು ಗೌರಮ್ಮನ ಕೈಯನ್ನು ಹಿಡಿದು ಮೆತ್ತಗೆ ಪಕ್ಕಕ್ಕೆ ಸರಿಸಿ, ಚೊಂಬು ತುಂಬುವ ತನಕ ಸುರಿದರು. ಗೌರಮ್ಮ ಅವರ ಮುಖ ನೋಡುತ್ತಲೇ ಚೊಂಬೆತ್ತಿದರು. ಒಂದು ಹನಿಯೂ ಸೆರಗಿನ ಮೇಲೆ ಬೀಳದ ಹಾಗೆ, ನಿಧಾನಕ್ಕೆ, ಪೂರಾ ಕುಡಿದರು.